ಓದುಗರ ಪ್ರಶ್ನೆ, ವೈದ್ಯರ ಉತ್ತರ: ಕುಂಟು ನಡಿಗೆಯ ಲೆಕ್ಕ ಮತ್ತು ಬೆರಳಿನ ಸಾಕ್ಷ್ಯ

ಪ್ರಶ್ನೆ: ನಾನು ಅಮೆರಿಕದ ಆಸ್ಟಿಯೋಪಥಿಕ್ ವೈದ್ಯಕೀಯ ಕಾಲೇಜೊಂದರಲ್ಲಿ ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಮೂಳೆ, ಕೀಲು, ಸ್ನಾಯುಗಳ ವಿಶೇಷ ಪರೀಕ್ಷೆಗಳ ಹೆಸರುಗಳೆಲ್ಲ ಬಾಯಿಪಾಠವಾಗಿವೆ. ಆದರೆ ರಜೆಯಲ್ಲಿ ಊರಿಗೆ ಬಂದಾಗ, ಬಹಳ ವರ್ಷಗಳಿಂದ ಬೀಡಿ ಕಟ್ಟುತ್ತಿರುವ ನಮ್ಮ ದೊಡ್ಡಮ್ಮ ಬಲಗಾಲು ಕುಂಟುತ್ತಿರುವುದನ್ನು ಕಂಡು, ಎಲ್ಲಿಂದ ಆರಂಭಿಸಬೇಕೆಂದೇ ತೋಚಲಿಲ್ಲ. ಹೇಗೆ ಯೋಚಿಸಬೇಕು?
– ವಿದ್ಯಾರ್ಥಿನಿ, ಉಡುಪಿ

ಉತ್ತರ: ಉಳಿದ ಓದುಗರ ತಿಳಿವಿಗಾಗಿ ಮೊದಲು ಒಂದು ವಿವರಣೆ. ಮೂಳೆ, ಕೀಲು, ಸ್ನಾಯುಗಳನ್ನು ಕೈಯಿಂದ ಮುಟ್ಟಿ ಪರೀಕ್ಷಿಸಿ ಚಿಕಿತ್ಸೆ ಮಾಡುವ ಆಸ್ಟಿಯೋಪಥಿ ಪದ್ಧತಿಯನ್ನು ಆಂಡ್ರೂ ಟೇಲರ್ ಸ್ಟಿಲ್ ಎಂಬ ಅಮೆರಿಕದ ವೈದ್ಯರು 1874ರಲ್ಲಿ ಪ್ರಕಟಿಸಿ, 1892ರಲ್ಲಿ ಮಿಸ್ಸೋರಿ ರಾಜ್ಯದ ಕರ್ಕ್ಸ್‌ವಿಲ್‌ನಲ್ಲಿ ಅದರ ಮೊದಲ ಶಾಲೆಯನ್ನು ತೆರೆದರು. ಇಂದು ಅಮೆರಿಕದಲ್ಲಿ ಡಿ.ಒ. (ಡಾಕ್ಟರ್ ಆಫ್ ಆಸ್ಟಿಯೋಪಥಿಕ್ ಮೆಡಿಸಿನ್) ಪದವಿ ಪಡೆದವರು ಔಷಧ, ಶಸ್ತ್ರಚಿಕಿತ್ಸೆ ಎಲ್ಲವನ್ನೂ ಮಾಡಬಲ್ಲ ಪೂರ್ಣ ವೈದ್ಯರು. ಬೇರೆ ಅನೇಕ ದೇಶಗಳಲ್ಲಿ ಆಸ್ಟಿಯೋಪಥ್ ಎಂದರೆ ಮುಖ್ಯವಾಗಿ ಕೈಯಿಂದ ಚಿಕಿತ್ಸೆ ಮಾಡುವವರು. ಇವೆರಡನ್ನೂ ಒಂದೇ ಎಂದು ತಿಳಿಯಬಾರದು.

ಈಗ ನಿಮ್ಮ ದೊಡ್ಡಮ್ಮನ ವಿಚಾರ. ಪರೀಕ್ಷೆಗಳ ಹೆಸರುಗಳನ್ನು ಸ್ವಲ್ಪ ಹೊತ್ತು ಬದಿಗಿಡಿ. ಅವರು ಬಲಗಾಲಿನ ಮೇಲೆ ನಿಂತಾಗ ದೇಹದ ಭಾರ ಯಾವ ದಾರಿಯಲ್ಲಿ ನೆಲಕ್ಕೆ ಇಳಿಯುತ್ತದೆ ಮತ್ತು ಆ ದಾರಿಯಲ್ಲಿ ಯಾವುದು ಸೋತಿರಬಹುದು ಎಂಬ ಪ್ರಶ್ನೆಯಿಂದ ಆರಂಭಿಸಿ. ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ನಾವು ಕೆಲಕ್ಷಣ ಒಂಟಿ ಕಾಲಿನ ಮೇಲೆ ನಿಂತಿರುತ್ತೇವೆ. ಆಗ ಪೆಲ್ವಿಸ್, ಅಂದರೆ ಸೊಂಟದ ಮೂಳೆಗಳ ಬಳೆ, ತೋಳುಗಳು ಸಮವಿಲ್ಲದ ತಕ್ಕಡಿ ಇದ್ದಂತೆ. ಅದರ ನಡುವಿನ ಆಧಾರ ಹಿಪ್ ಕೀಲು, ಅಂದರೆ ತೊಡೆಮೂಳೆಯ ತಲೆ ಪೆಲ್ವಿಸ್‌ಗೆ ಸೇರುವ ಜಾಗ. ಒಳಗಿನ ಉದ್ದ ತೋಳಿನಲ್ಲಿ ದೇಹದ ಭಾರ, ಹೊರಗಿನ ಗಿಡ್ಡ ತೋಳಿನಲ್ಲಿ ಪೃಷ್ಠದ ಹೊರಬದಿಯ ಗ್ಲೂಟಿಯಸ್ ಮೀಡಿಯಸ್ ಮೊದಲಾದ ಸ್ನಾಯುಗಳ ಎಳೆತ. 60 ಕಿಲೋ ತೂಕದ ವ್ಯಕ್ತಿಯಲ್ಲಿ ಊರಿದ ಕಾಲಿನ ತೂಕವನ್ನು ಕಳೆದರೆ ಉಳಿಯುವುದು ಸುಮಾರು 50 ಕಿಲೋ. ಅದು ಕೀಲಿನಿಂದ ಅಂದಾಜು 10 ಸೆಂಟಿಮೀಟರ್ ದೂರದಲ್ಲಿ ಕೆಳಗೆ ಜಗ್ಗುತ್ತದೆ. ಸ್ನಾಯುವಿಗೆ ಸಿಗುವ ತೋಳು ಸುಮಾರು 5 ಸೆಂಟಿಮೀಟರ್ ಮಾತ್ರ. ಆದ್ದರಿಂದ ಪೆಲ್ವಿಸ್ ಸಮವಾಗಿ ನಿಲ್ಲಬೇಕಾದರೆ ಸ್ನಾಯು ಸುಮಾರು 100 ಕಿಲೋದಷ್ಟು ಬಲದಿಂದ ಎಳೆಯಬೇಕು, ಮತ್ತು ಎರಡೂ ಸೇರಿ ಕೀಲಿನ ಮೇಲೆ 150 ಕಿಲೋದಷ್ಟು, ಅಂದರೆ ದೇಹತೂಕದ ಎರಡೂವರೆ ಪಟ್ಟು ಒತ್ತಡ ಬೀಳುತ್ತದೆ. ಈ ಲೆಕ್ಕವನ್ನು ಒಮ್ಮೆ ನಿಮ್ಮ ಕೈಯಿಂದಲೇ ಬರೆದು ನೋಡಿ. ಆಮೇಲೆ ಹಿಪ್ ಪರೀಕ್ಷೆಯ ಅರ್ಧ ಭಾಗವನ್ನು ನೆನಪಿಡುವ ಅಗತ್ಯವೇ ಇರುವುದಿಲ್ಲ.

1895ರಲ್ಲಿ ಜರ್ಮನಿಯ ಶಸ್ತ್ರಚಿಕಿತ್ಸಕ ಫ್ರೀಡ್ರಿಕ್ ಟ್ರೆಂಡಲೆನ್‌ಬರ್ಗ್ ವಿವರಿಸಿದ ಪರೀಕ್ಷೆ ಈ ಲೆಕ್ಕವನ್ನೇ ರೋಗಿಯ ದೇಹದಲ್ಲಿ ನೋಡುವ ಕ್ರಮ. ದೊಡ್ಡಮ್ಮನನ್ನು ಬಲಗಾಲಿನ ಮೇಲೆ ನಿಲ್ಲಿಸಿ, ಬೀಳದಂತೆ ಎದುರಿನಿಂದ ಒಬ್ಬರು ಕೈ ಹಿಡಿದುಕೊಳ್ಳಲಿ. ನೀವು ಹಿಂದಿನಿಂದ ನೋಡಿ. ಎಡಭಾಗದ ಪೆಲ್ವಿಸ್ ಕೆಳಗೆ ಜಾರಿದರೆ ದೋಷ ಬಲಗಡೆಯದು. ಜಾರಿತೋ ಇಲ್ಲವೋ ಎಂದು ಒಂದು ಕ್ಷಣ ನೋಡಿ ಬಿಡುವುದು ಸಾಲದು. ಸ್ನಾಯು ದಣಿದ ಮೇಲಷ್ಟೇ ಕಾಣುವ ಸೋಲೂ ಇರುವುದರಿಂದ ಅವರಿಗೆ ಸಾಧ್ಯವಾದರೆ 30 ಸೆಕೆಂಡ್ ನಿಲ್ಲಿಸಿ. ಪೆಲ್ವಿಸ್ ಜಾರದೆ ಮುಂಡವೇ ಬಲಕ್ಕೆ ವಾಲಿದರೆ ಅದೂ ಅಷ್ಟೇ ಮುಖ್ಯವಾದ ಗುರುತು. ಭಾರವನ್ನು ಕೀಲಿನ ಹತ್ತಿರಕ್ಕೆ ತಂದುಕೊಂಡು ಉದ್ದ ತೋಳನ್ನು ಗಿಡ್ಡ ಮಾಡಿಕೊಳ್ಳುವ ಉಪಾಯವನ್ನು ದೇಹ ತಾನಾಗಿಯೇ ಕಂಡುಕೊಂಡಿರುತ್ತದೆ.

ದೋಷ ಮೂರು ಕಡೆ ಇರಬಹುದು. ಆಧಾರವೇ ಕೆಟ್ಟಿರಬಹುದು: ಸವೆದ ಅಥವಾ ತಪ್ಪಿದ ಕೀಲು, ಕುಸಿದ ತೊಡೆಮೂಳೆಯ ತಲೆ. ತೋಳು ಕೆಟ್ಟಿರಬಹುದು: ಮುರಿದ ಅಥವಾ ಬಾಗಿದ ತೊಡೆಮೂಳೆಯ ಕುತ್ತಿಗೆ. ಇಲ್ಲವೇ ಎಳೆಯುವ ಸ್ನಾಯುವಿನಲ್ಲೋ ಅದರ ನರದಲ್ಲೋ ತೊಂದರೆ ಇರಬಹುದು. ಕೀಲು ಸವೆದಿದ್ದರೆ ತೊಡೆಯನ್ನು ಒಳಕ್ಕೆ ತಿರುಗಿಸುವ ಚಲನೆ ಸಾಮಾನ್ಯವಾಗಿ ಎಲ್ಲಕ್ಕಿಂತ ಮೊದಲು ಕುಗ್ಗುತ್ತದೆ ಮತ್ತು ನೋವು ತೊಡೆಸಂದಿಯಲ್ಲಿ ಕಾಣುತ್ತದೆ. ಕೆಲವರಲ್ಲಿ ಹಿಪ್ ಕೀಲಿನ ನೋವು ಮೊಣಕಾಲಿನಲ್ಲಷ್ಟೇ ಕಾಣುವುದರಿಂದ, ಮೊಣಕಾಲು ನೋವೆಂದು ಬಂದವರ ಹಿಪ್ ಕೀಲನ್ನು ಪರೀಕ್ಷಿಸದೆ ಕಳಿಸುವುದು ನನ್ನ ದೃಷ್ಟಿಯಲ್ಲಿ ಅಕ್ಷಮ್ಯ.

ಬೀಡಿ ಕಟ್ಟುವವರಲ್ಲಿ ಇನ್ನೊಂದನ್ನು ವಿಶೇಷವಾಗಿ ನೋಡಬೇಕು. ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಗಂಟೆಗಟ್ಟಲೆ ಚಕ್ಕಳಮಕ್ಕಳ ಹಾಕಿ ಕುಳಿತರೆ, ಮೊಣಕಾಲಿನ ಹೊರಬದಿಯಲ್ಲಿ ಫಿಬ್ಯುಲಾ ಎಂಬ ಮೊಣಕಾಲಿನ ಕೆಳಗಿನ ತೆಳು ಮೂಳೆಯ ಕುತ್ತಿಗೆಯನ್ನು ಬಳಸಿ ಹೋಗುವ ಪೆರೋನಿಯಲ್ ನರ ಒತ್ತಡಕ್ಕೆ ಸಿಕ್ಕಿ ಪಾದ ಜೋತುಬೀಳಬಹುದು. ಸೊಂಟದ ಮಟ್ಟದಲ್ಲಿ ಬೆನ್ನಿನಿಂದ ಹೊರಬರುವ ಐದನೆಯ ನರಬೇರು ಒತ್ತಲ್ಪಟ್ಟಾಗಲೂ ಪಾದ ಜೋಲುತ್ತದೆ. ಇವೆರಡನ್ನು ಬೇರ್ಪಡಿಸಲು ಮಂಚದ ಬಳಿಯ ಎರಡು ಸರಳ ಪರೀಕ್ಷೆಗಳೇ ಬಹುಮಟ್ಟಿಗೆ ಸಾಕು. ಮಗ್ಗುಲಾಗಿ ಮಲಗಿಸಿ ತೊಡೆಯನ್ನು ಮೇಲಕ್ಕೆ ಎತ್ತಲು ಹೇಳಿ. ಆಮೇಲೆ ಪಾದವನ್ನು ಒಳಕ್ಕೆ ತಿರುಗಿಸಲು ಹೇಳಿ. ಈ ಎರಡು ಕೆಲಸಗಳ ಸ್ನಾಯುಗಳಿಗೂ ಐದನೆಯ ನರಬೇರಿನ ಪಾಲಿದೆ, ಆದರೆ ಅವುಗಳಿಗೆ ಹೋಗುವ ನರಗಳು ಫಿಬ್ಯುಲಾದ ಕುತ್ತಿಗೆಯ ಬಳಿ ಹಾಯುವುದಿಲ್ಲ. ಎರಡೂ ಗಟ್ಟಿಯಾಗಿದ್ದು ಪಾದ ಮಾತ್ರ ಮೇಲೇಳದಿದ್ದರೆ ಮೊಣಕಾಲಿನ ಬದಿಯನ್ನು ನೋಡಿ. ಎರಡೂ ಸೋತಿದ್ದರೆ ಬೆನ್ನನ್ನು ನೋಡಿ. ಅವರು ಕೆಲಸಕ್ಕೆ ಕೂರುವ ರೀತಿಯಲ್ಲೇ ಕುಳಿತು ತೋರಿಸುವಂತೆಯೂ ಕೇಳಿಕೊಳ್ಳಿ. ಕುರ್ಚಿಯಲ್ಲಿ ಕೂರಿಸಿ ಮಾಡಿದ ಪರೀಕ್ಷೆ ಅವರ ದಿನವನ್ನು ತಿಳಿಸುವುದಿಲ್ಲ.

ದೋಷ ಬಲ ಹಿಪ್ ಕೀಲಿನದೇ ಎಂದಾದರೆ, ಊರುಗೋಲನ್ನು ಎಡಗೈಯಲ್ಲಿ ಹಿಡಿಯಲು ಹೇಳಿ. ನೋಯುವ ಬದಿಯಲ್ಲೇ ಕೋಲು ಹಿಡಿಯುವವರು ಬಹಳ. ಎಡಗೈ ಬಲ ಕೀಲಿನಿಂದ ಸುಮಾರು 40 ಸೆಂಟಿಮೀಟರ್ ದೂರದಲ್ಲಿದೆ. ಅಲ್ಲಿಂದ 5 ಕಿಲೋದಷ್ಟು ಒತ್ತಿದರೂ, ಮೇಲಿನ ಲೆಕ್ಕದಲ್ಲಿ ಸ್ನಾಯುವಿನ ಎಳೆತ 100ರಿಂದ 60 ಕಿಲೋಗೂ, ಕೀಲಿನ ಒತ್ತಡ 150ರಿಂದ 105 ಕಿಲೋಗೂ ಇಳಿಯುತ್ತದೆ. ಕಾಗದದ ಮೇಲಿನ ಈ ಅಂಕಿಗಳು ನಿಜವಾದ ನಡಿಗೆಯಲ್ಲಿ ಇಷ್ಟು ಚೊಕ್ಕವಾಗಿರುವುದಿಲ್ಲ, ಆದರೆ ಲಾಭದ ದಿಕ್ಕು ಇದೇ.

ಪ್ರಶ್ನೆ: ಬೆನ್ನಿನ ಮೂಳೆಗಳನ್ನು ಬೆರಳಿನಿಂದ ಮುಟ್ಟಿ ಗುರುತಿಸುವ ಅಭ್ಯಾಸದಲ್ಲಿ ಒಬ್ಬರದೇ ಬೆನ್ನನ್ನು ಮುಟ್ಟಿದ ನಾವು ಮೂವರು ಸಹಪಾಠಿಗಳು ಮೂರು ಬಗೆಯ ಉತ್ತರ ಹೇಳಿದೆವು. ನನ್ನ ಬೆರಳನ್ನು ನಾನು ಎಷ್ಟು ನಂಬಬೇಕು?
– ಆಸ್ಟಿಯೋಪಥಿ ವಿದ್ಯಾರ್ಥಿ, ಮೂಲ ಊರು ಮಂಗಳೂರು

ಉತ್ತರ: ಬಹಳ ಒಳ್ಳೆಯ ಪ್ರಶ್ನೆ, ಇದನ್ನು ಕೇಳುವ ಧೈರ್ಯವನ್ನು ಕಳೆದುಕೊಳ್ಳಬೇಡಿ. ನಿಮ್ಮ ಪಠ್ಯದಲ್ಲಿ ನಾಲ್ಕು ಗುರುತುಗಳನ್ನು ಹುಡುಕಲು ಹೇಳಿರುತ್ತಾರೆ: ಅಂಗಾಂಶದ ಬದಲಾದ ಹದ, ಎಡಬಲಗಳ ಅಸಮತೆ, ಚಲನೆಯ ಕೊರತೆ, ಮುಟ್ಟಿದರೆ ನೋವು. ಇವು ನಾಲ್ಕಕ್ಕೂ ಒಂದೇ ತೂಕವಿಲ್ಲ. ಬೇರೆ ಬೇರೆ ಪರೀಕ್ಷಕರು ಒಂದೇ ಬೆನ್ನನ್ನು ನೋಡಿದಾಗ ಅಸಮತೆ ಮತ್ತು ಸೂಕ್ಷ್ಮ ಚಲನೆಗಳ ವಿಚಾರದಲ್ಲಿ ಅವರ ಅಭಿಪ್ರಾಯಗಳು ಹೊಂದಿಕೊಳ್ಳುವುದು ಕಡಿಮೆ. ನೋವನ್ನು ಕೆದಕಿ ನೋಡುವ ಪರೀಕ್ಷೆಗಳಲ್ಲಿ ಹೊಂದಾಣಿಕೆ ಹೆಚ್ಚು. ಕಾರಣವೂ ಸ್ಪಷ್ಟ. ಬೆನ್ನುಮೂಳೆಯ ಬುಡ ಪೆಲ್ವಿಸ್‌ಗೆ ಸೇರುವ ಸ್ಯಾಕ್ರೋಇಲಿಯಾಕ್ ಕೀಲು ಚಲಿಸುವುದೇ ಕೆಲವು ಡಿಗ್ರಿಗಳಷ್ಟು. ಅದರ ಮೇಲೆ ಚರ್ಮ, ಕೊಬ್ಬು, ದಪ್ಪ ಸ್ನಾಯುಗಳ ಪದರಗಳಿರುವಾಗ, ಅಷ್ಟು ಸಣ್ಣ ಚಲನೆಯನ್ನು ಹೆಬ್ಬೆರಳು ಖಚಿತವಾಗಿ ಅಳೆಯಬಲ್ಲುದು ಎಂದು ನಾನು ಒಪ್ಪಲಾರೆ. ಆ ಕೀಲಿನ ಮೇಲೆ ಅನುಮಾನವಿದ್ದರೆ ನೋವನ್ನು ಕೆದಕುವ ಪರೀಕ್ಷೆಗಳನ್ನು ಸಾಲಾಗಿ ಮಾಡಿ. ಒಂದೇ ಪರೀಕ್ಷೆಗೆ ಬೆಲೆ ಕಡಿಮೆ, ಮೂರು ಅಥವಾ ಹೆಚ್ಚಿನವು ರೋಗಿಗೆ ಪರಿಚಿತವಾದ ಅದೇ ನೋವನ್ನು ತಂದರೆ ಅನುಮಾನ ಗಟ್ಟಿಯಾಗುತ್ತದೆ.

ಬೆನ್ನುಮೂಳೆ ಪಕ್ಕಕ್ಕೆ ಬಾಗುವುದಕ್ಕೂ ತಿರುಗುವುದಕ್ಕೂ ಇರುವ ನಂಟಿನ ಬಗ್ಗೆ 1918ರಲ್ಲಿ ಅಮೆರಿಕದ ಆಸ್ಟಿಯೋಪಥ್ ಹ್ಯಾರಿಸನ್ ಫ್ರಯೆಟ್ ಮಂಡಿಸಿದ ನಿಯಮಗಳನ್ನು ನೀವು ಪರೀಕ್ಷೆಗಾಗಿ ಕಲಿಯಲೇಬೇಕು. ಆದರೆ ಜೀವಂತ ಬೆನ್ನುಗಳನ್ನು ಅಳೆದಾಗ ಈ ನಂಟು ವ್ಯಕ್ತಿಯಿಂದ ವ್ಯಕ್ತಿಗೆ, ಮಟ್ಟದಿಂದ ಮಟ್ಟಕ್ಕೆ ಬದಲಾಗುವುದು ಕಂಡುಬಂದಿದೆ. ಅವನ್ನು ಆರಂಭದ ಊಹೆಯಾಗಿ ಇಟ್ಟುಕೊಳ್ಳಿ, ತೀರ್ಪಾಗಿ ಅಲ್ಲ.

ಬೆರಳನ್ನು ಪಳಗಿಸುವ ದಾರಿ ಇದೆ. ಸೊಂಟದೆಲುಬುಗಳ ಮೇಲಂಚನ್ನು ಸೇರಿಸುವ ಗೆರೆ ನಾಲ್ಕನೆಯ ಸೊಂಟಕಶೇರುವಿನ (ಬೆನ್ನುಮೂಳೆಯ ಬಿಡಿ ಮೂಳೆಯ) ಅಥವಾ ಅದರ ಕೆಳಗಿನ ಸಂದಿನ ಮಟ್ಟದಲ್ಲಿ ಹಾಯುತ್ತದೆ. ಸ್ಥೂಲದೇಹಿಗಳಲ್ಲಿ ಬೆರಳಿಗೆ ಅದು ಇನ್ನೂ ಮೇಲೆ ಇದ್ದಂತೆ ತೋರುತ್ತದೆ. ತೊಳೆದರೆ ಹೋಗುವ ಶಾಯಿಯಿಂದ ಒಬ್ಬರು ಗುರುತು ಹಾಕಲಿ. ಅದನ್ನು ನೋಡದ ಇನ್ನೊಬ್ಬರು ಬೇರೆ ಬಣ್ಣದಲ್ಲಿ ಹಾಕಲಿ. ಆಮೇಲೆ ಅಂತರವನ್ನು ಅಳೆಯಿರಿ. ಅಲ್ಟ್ರಾಸೌಂಡ್ ಯಂತ್ರ ಸಿಗುವುದಾದರೆ ಅದರಿಂದಲೂ ತಾಳೆ ನೋಡಿ. ಕೈ ಮೆತ್ತಗಿರಲಿ, ಬಲವಾಗಿ ಒತ್ತಿದರೆ ಬೆರಳಿಗೆ ತಿಳಿಯುವುದು ತನ್ನದೇ ಒತ್ತಡ.

ಪ್ರಶ್ನೆ: ಜಿಲ್ಲಾಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಬೆನ್ನುನೋವಿನವರೊಬ್ಬರಿಗೆ ಐದು ನಿಮಿಷವೂ ಸಿಗುವುದಿಲ್ಲ. ಬಿಡಲೇಬಾರದ್ದು ಯಾವುದು?
– ವೈದ್ಯಕೀಯ ವಿದ್ಯಾರ್ಥಿ, ಮಂಗಳೂರು

ಉತ್ತರ: ಜ್ವರ, ತೂಕ ಇಳಿಯುವುದು, ರಾತ್ರಿ ಎಬ್ಬಿಸುವ ನೋವು, ಹಿಂದೆ ಬಂದ ಕ್ಯಾನ್ಸರ್, ಮೂತ್ರದ ತೊಂದರೆ – ಇವುಗಳನ್ನು ರೋಗಿಗೆ ತಿಳಿಯುವ ತುಳು, ಕೊಂಕಣಿ, ಬ್ಯಾರಿ ಯಾವ ಮಾತಿನಲ್ಲಾದರೂ ಸರಿ, ಕೇಳಿಯೇ ಕೇಳಬೇಕು. ಬೆನ್ನಿನ ಮುಳ್ಳುಗಳ ಮೇಲೆ ಮೆಲ್ಲಗೆ ತಟ್ಟಿ ನೋಡಿ. 1779ರಲ್ಲಿ ಇಂಗ್ಲಿಷ್ ಶಸ್ತ್ರಚಿಕಿತ್ಸಕ ಪರ್ಸಿವಲ್ ಪಾಟ್ ವರ್ಣಿಸಿದ ಬೆನ್ನುಮೂಳೆಯ ಕ್ಷಯ ನಮ್ಮ ದೇಶದಲ್ಲಿ ಇಂದಿಗೂ ಹಳೆಯ ಸಂಗತಿಯಾಗಿಲ್ಲ. ಮಲಗಿಸಿ ನೆಟ್ಟಗಿನ ಕಾಲನ್ನು ಎತ್ತುವಾಗ ಎರಡೂ ಕಾಲುಗಳನ್ನು ಎತ್ತಿ. ಸುಮಾರು 30ರಿಂದ 70 ಡಿಗ್ರಿಯ ನಡುವೆ ಮೊಣಕಾಲಿನ ಕೆಳಗೂ ಸಿಡಿಯುವ ನೋವು ನರಬೇರಿನ ಕಡೆ ಬೊಟ್ಟು ಮಾಡುತ್ತದೆ. ತೊಡೆಯ ಹಿಂಭಾಗದ ಬಿಗಿತ ಹಾಗೆ ಮಾಡುವುದಿಲ್ಲ. ನೋವಿಲ್ಲದ ಕಾಲನ್ನು ಎತ್ತಿದಾಗ ನೋಯುವ ಕಾಲು ಸಿಡಿದರೆ ಡಿಸ್ಕ್ ಜಾರಿರುವ ಸಾಧ್ಯತೆ ಇನ್ನೂ ಹೆಚ್ಚು. ಮೊಣಕಾಲಿನ ಪ್ರತಿವರ್ತನೆ (ತಟ್ಟಿದಾಗ ಕಾಲು ತಾನಾಗಿ ಜಿಗಿಯುವುದು), ಕಾಲಿನ ಹೆಬ್ಬೆರಳನ್ನು ಮೇಲೆತ್ತುವ ಬಲ, ಹಿಮ್ಮಡಿಯ ಪ್ರತಿವರ್ತನೆ – ಕ್ರಮವಾಗಿ ನಾಲ್ಕನೆಯ, ಐದನೆಯ ಸೊಂಟನರಗಳಿಗೂ ಅವುಗಳ ಕೆಳಗಿನ ಮೊದಲ ಸ್ಯಾಕ್ರಲ್ ನರಕ್ಕೂ ಈ ಮೂರನ್ನು ನೋಡಲು ಒಂದು ನಿಮಿಷ ಸಾಕು.

ಮೂತ್ರ ಕಟ್ಟಿಕೊಂಡಿದ್ದರೆ, ಅಥವಾ ಗುದದ್ವಾರದ ಸುತ್ತ ಹಾಗೂ ತೊಡೆಗಳ ಒಳಬದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ, ಬೆನ್ನುಹುರಿಯ ಕೆಳಗಿನ ನರಗುಚ್ಛ ಒತ್ತಲ್ಪಟ್ಟಿದೆ ಎಂದೇ ಎಣಿಸಿ ಅಂದೇ ಎಂ.ಆರ್.ಐ. ಮಾಡಿಸಿ, ಶಸ್ತ್ರಚಿಕಿತ್ಸಕರಿಗೆ ತಿಳಿಸಿ. ಅಂಥ ಬೆನ್ನನ್ನು ಯಾರೂ ತಿರುಚಿ ಸರಿಪಡಿಸಲು ಹೋಗಬಾರದು.