ಮೊದಲ ಸಲ ರೇಸ್ ಟ್ರ್ಯಾಕ್‌ಗೆ ಇಳಿಯುವವರು ಯಾವ ತಪ್ಪು ಮಾಡುತ್ತಾರೆ?

ಮುಂದಿನ ತಿಂಗಳು ಸ್ವಂತ ಕಾರಿನಲ್ಲಿ ಮೊದಲ ಸಲ ಟ್ರ್ಯಾಕ್‌ಗೆ ಹೋಗುತ್ತಿದ್ದೀರಿ, ಭಯ ಇದೆ ಅಂತ ಬರೆದಿದ್ದೀರಿ. ಇರಲಿ ಬಿಡಿ, ಸ್ವಲ್ಪ ಭಯ ಒಳ್ಳೆಯದೇ. ನನಗೆ ಅದೂ ಇರಲಿಲ್ಲ. ಮೂರನೇ ಲ್ಯಾಪ್‌ನಲ್ಲೇ ಕಾರು ಗಿರ್ರನೆ ತಿರುಗಿ, ಬಂದ ದಾರಿಗೇ ಮುಖ ಮಾಡಿ ಹುಲ್ಲಿನ ಮೇಲೆ ನಿಂತಿತ್ತು.

ಆಗಿದ್ದಿಷ್ಟು. ಬಲಕ್ಕೆ ಒಂದು ಉದ್ದನೆಯ ತಿರುವು. ಕಂಡ ಕೂಡಲೇ ಸ್ಟೀರಿಂಗ್ ತಿರುಗಿಸಿಬಿಟ್ಟೆ. ಹಾಗೆ ಮಾಡಿದರೆ ಕಾರು ಒಳಗಿನ ಅಂಚನ್ನು, ಅಂದರೆ ಏಪೆಕ್ಸನ್ನು, ಬೇಗ ಮುಟ್ಟುತ್ತದೆ. ಆ ಗಳಿಗೆಗೆ ಭಾರಿ ಖುಷಿ. ಆದರೆ ತಿರುವು ಇನ್ನೂ ಅರ್ಧ ಬಾಕಿ ಇರುತ್ತದೆ, ಕಾರು ಆಗಲೇ ಹೊರಗಿನ ಅಂಚಿನತ್ತ ಹೊರಟಿರುತ್ತದೆ. ಗಾಬರಿಯಾಗಿ ಆಕ್ಸಿಲರೇಟರ್‌ನಿಂದ ಕಾಲೆತ್ತಿದೆ. ಕಾರಿನ ಭಾರ ಮುಂದಿನ ಚಕ್ರಗಳ ಮೇಲೆ ಬಿತ್ತು, ಹಿಂದಿನ ಟೈರುಗಳು ಹಗುರಾಗಿ ಹಿಡಿತ ಬಿಟ್ಟವು.

ಕಾಲೆತ್ತಿದ್ದೇ ತಪ್ಪು ಅಂದುಕೊಂಡಿದ್ದೆ. ಪಕ್ಕದಲ್ಲಿದ್ದ ಇನ್‌ಸ್ಟ್ರಕ್ಟರ್ ಕೇಳಿದ್ದು ಬೇರೆ: "ತಿರುಗಿಸುವಾಗ ಎಲ್ಲಿ ನೋಡ್ತಿದ್ರಿ?" ಬಾನೆಟ್ ಮುಂದಿನ ಟಾರನ್ನೇ ನೋಡುತ್ತಿದ್ದೆ! ತಿರುವಿನ ಆಚೆ ಕಣ್ಣು ಇದ್ದಿದ್ದರೆ ಇನ್ನೂ ಎಷ್ಟು ಬಾಕಿ ಇದೆ ಅಂತ ಗೊತ್ತಾಗುತ್ತಿತ್ತು, ಕೈ ತಾನಾಗೇ ಕಾಯುತ್ತಿತ್ತು. ಅಂದಿನಿಂದ ತಿರುವಿನ ಕೊನೆಯಲ್ಲಿ ಜಾಗ ಸಾಲದಿದ್ದರೆ ನಾನು ತಪ್ಪನ್ನು ಹುಡುಕುವುದು ಅದರ ಶುರುವಿನಲ್ಲಿ.

ಕಾರು ಕೈಮೀರಿ ತಿರುಗಲು ಶುರುವಾದರೆ ಕ್ಲಚ್, ಬ್ರೇಕ್ ಎರಡನ್ನೂ ಪೂರ್ತಿ ಒತ್ತಿ. ನಿಂತ ಮೇಲೆ ಹಿಂದಿನಿಂದ ಯಾರೂ ಬರುತ್ತಿಲ್ಲ ಅಂತ ಖಚಿತವಾಗುವವರೆಗೆ, ಟ್ರ್ಯಾಕ್ ಪಕ್ಕ ನಿಂತು ಸುರಕ್ಷತೆ ನೋಡಿಕೊಳ್ಳುವ ಮಾರ್ಷಲ್ ಸನ್ನೆ ಮಾಡುವವರೆಗೆ ಟ್ರ್ಯಾಕ್‌ಗೆ ಮರಳಬೇಡಿ.

ಬ್ರೇಕ್ ವಿಷಯದಲ್ಲಿ ಹೊಸಬರು ಮೆತ್ತಗೆ ಒತ್ತಿ, ತಿರುವಿನೊಳಕ್ಕೂ ಹಾಗೇ ಒತ್ತಿಕೊಂಡೇ ಹೋಗುತ್ತಾರೆ. ಕಾರು ನೇರವಾಗಿರುವಾಗಲೇ ಗಟ್ಟಿಯಾಗಿ ಒತ್ತಿ, ಆಮೇಲೆ ನಿಧಾನಕ್ಕೆ ಬಿಡಿ. ವೇಗ 100 ಇದ್ದದ್ದು 140 ಆದರೆ ಬ್ರೇಕ್ ನುಂಗಬೇಕಾದ ಶಕ್ತಿ ಹೆಚ್ಚುಕಡಿಮೆ ಎರಡು ಪಟ್ಟು. ಹಾಗಾಗಿ ಹೋಗುವ ಮುಂಚೆ ಬ್ರೇಕ್ ಆಯಿಲ್ ಬದಲಿಸಿ. ಡಾಟ್ 4 ಅನ್ನುವ ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ತೇವ ಹೀರಿಕೊಂಡ ಹಳೆಯದು 155ರ ಆಸುಪಾಸಿನಲ್ಲೇ ಕುದಿಯಬಹುದು. ಕುದ್ದರೆ ಗುಳ್ಳೆ ಎದ್ದು ಪೆಡಲ್ ಸುಮ್ನೆ ನೆಲಕ್ಕೆ ಹೋಗುತ್ತದೆ. ಪೆಡಲ್ ಮೆತ್ತಗಾಯ್ತು ಅನ್ನಿಸಿದರೆ ಅದೇ ಲ್ಯಾಪ್‌ನಲ್ಲಿ ಟ್ರ್ಯಾಕ್ ಬಿಟ್ಟು ಒಳಗೆ ಬನ್ನಿ, ಇನ್ನೊಂದು ಸುತ್ತಿನ ಆಸೆ ಬೇಡ.

ವೇಗವಾಗಿ ಬಂದವರಿಗೆ ದಾರಿ ಬಿಡಿ, ಅದರಲ್ಲಿ ಅವಮಾನ ಏನಿಲ್ಲ. ಲ್ಯಾಪ್ ಟೈಮ್ ನೋಡುವ ಆ್ಯಪ್ ಮೊದಲ ದಿನ ಬೇಡವೇ ಬೇಡ.

ಕೊನೆಯ ಲ್ಯಾಪ್ ನಿಧಾನಕ್ಕೆ, ಬ್ರೇಕ್ ಆದಷ್ಟು ಮುಟ್ಟದೆ ಓಡಿಸಿ, ಎಲ್ಲ ತಣ್ಣಗಾಗಲಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಬಿಸಿ ಬ್ರೇಕ್ ಅಂಟಿಕೊಳ್ಳಬಹುದು. ಗೇರ್‌ನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟರೆ ಸಾಕು.