ಹಾಟ್ ಟಬ್: ತೊಳೆದರೂ ಕಟ್ಟುವ ಫಿಲ್ಟರ್

ಪ್ರಶ್ನೆ: ಹಾಟ್ ಟಬ್‌ಗೆ (ಜೆಟ್ ರಂಧ್ರಗಳಿಂದ ಬಿಸಿನೀರು ಚಿಮ್ಮುವ ಸ್ನಾನದ ತೊಟ್ಟಿ) ಬೋರ್‌ವೆಲ್ ನೀರು ತುಂಬಿಸುತ್ತೇವೆ. ವಾರಕ್ಕೊಮ್ಮೆ ಫಿಲ್ಟರ್ ತೊಳೆದರೂ ಜೆಟ್ ರಭಸ ಕಡಿಮೆ. ಹೊಸದು ಹಾಕಬೇಕೇ? – ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಅವಸರ ಬೇಡ. ಮೊದಲು ಫಿಲ್ಟರ್ ತೆಗೆದಿಟ್ಟು ಒಂದೆರಡು ನಿಮಿಷ ಪಂಪ್ ಓಡಿಸಿ. ರಭಸ ಮರಳಿದರೆ ದೋಷ ಫಿಲ್ಟರ್‌ನದೇ. ಫಿಲ್ಟರ್ ಬಟ್ಟೆಯ ಮಡಿಕೆಗಳ ನಡುವೆ ಬೆರಳಾಡಿಸಿ ನೋಡಿ: ಜಾರಿದರೆ ಮೈಯೆಣ್ಣೆಯ ಜಿಡ್ಡು, ಬಿಳಿಯಾಗಿ ಗರಗರ ಎಂದರೆ ಗಡಸು ನೀರಿನ ಸುಣ್ಣ. ಬರೀ ಪೈಪಿನ ನೀರಿಗೆ ಇವೆರಡೂ ಬಿಡುವುದಿಲ್ಲ. ಜಿಡ್ಡು ತೆಗೆಯುವ ಫಿಲ್ಟರ್ ಕ್ಲೀನರ್‌ನಲ್ಲಿ ರಾತ್ರಿಯಿಡೀ ನೆನೆಸಿ, ಚೆನ್ನಾಗಿ ತೊಳೆದು, ಆಮೇಲಷ್ಟೇ ಸುಣ್ಣಕ್ಕೆ ಆಮ್ಲದ ದ್ರಾವಣ. ಈ ಕ್ರಮ ತಪ್ಪಿದರೆ ಜಿಡ್ಡು ಬಟ್ಟೆಯ ಎಳೆಯೊಳಗೇ ಕಚ್ಚಿಕೊಳ್ಳುತ್ತದೆ. ಆಮ್ಲಕ್ಕೆ ಬ್ಲೀಚ್ ಎಂದೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಪ್ರೆಶರ್ ವಾಷರ್ ಬೇಡವೇ ಬೇಡ, ಎಳೆ ಹರಿಯುತ್ತದೆ. ಫಿಲ್ಟರ್‌ಗೆ 12ರಿಂದ 18 ತಿಂಗಳಾಗಿದ್ದರೆ ಬದಲಿಸಿ. ಕೊಳ್ಳುವ ಮುನ್ನ ಉದ್ದ, ಹೊರವ್ಯಾಸ, ಎರಡೂ ತುದಿಯ ರಂಧ್ರ ಅಳೆದಿಟ್ಟುಕೊಳ್ಳಿ.