ಸಿಟಿ ರಸ್ತೆಯಲ್ಲಿ ನಡೆಯುವ ಕಾರ್ ರೇಸ್ ನೋಡಲು ಹುಬ್ಬಳ್ಳಿಯಿಂದ ಅಷ್ಟು ದೂರ ಹೋಗಬೇಕಾ? ಟಿವಿಯಲ್ಲಿ ನೋಡಿದರೆ ಸಾಲದಾ?

ಯಾರು ಗೆದ್ದರು, ಯಾರು ಯಾರನ್ನು ಹಿಂದೆ ಹಾಕಿದರು ಅಂತ ತಿಳಿಯಬೇಕಿದ್ದರೆ ಟಿವಿಯೇ ಸಾಕು. ಸ್ಟ್ಯಾಂಡ್‌ನಲ್ಲಿ ಕೂತವರಿಗೆ ಕಾಣುವುದು ಒಂದು ತಿರುವು, ಅದರ ಆಚೆ ಈಚೆ ಸ್ವಲ್ಪ ರಸ್ತೆ, ಅಷ್ಟೇ. ಆದರೂ ಒಮ್ಮೆ ಹೋಗಿ ಬನ್ನಿ ಅಂತಲೇ ಹೇಳುತ್ತೇನೆ.

ನಾನು ವಿದ್ಯಾನಗರದವನು. 2024ರಲ್ಲಿ ಚೆನ್ನೈಗೆ ಹೋಗಿದ್ದೆ. ಆಗಸ್ಟ್ 31, ಸೆಪ್ಟೆಂಬರ್ 1ರಂದು ಐಲ್ಯಾಂಡ್ ಗ್ರೌಂಡ್ಸ್ ಸುತ್ತ ನಡೆದ ರೇಸ್ ಅದು. ನಮ್ಮ ದೇಶದಲ್ಲಿ ಸಿಟಿ ರಸ್ತೆ ಮೇಲೆ ರಾತ್ರಿ ಹೊತ್ತು ರೇಸ್ ಆಗಿದ್ದು ಅದೇ ಮೊದಲು. ಒಂದು ಸುತ್ತು 3.5 ಕಿ.ಮೀ., 19 ತಿರುವು. ಅಣ್ಣಾ ಸಾಲೈ, ಶಿವಾನಂದ ಸಾಲೈ, ನೇಪಿಯರ್ ಸೇತುವೆ, ಎಲ್ಲಾ ದಿನಾ ಬಸ್ಸು ಆಟೋ ಓಡುವ ರಸ್ತೆಗಳೇ. ನಮ್ಮ ಚೆನ್ನಮ್ಮ ಸರ್ಕಲ್ ಸುತ್ತ ಸಂಚಾರ ಬಂದ್ ಮಾಡಿ, ಎರಡೂ ಕಡೆ ಕಾಂಕ್ರೀಟ್ ಗೋಡೆ ನಿಲ್ಲಿಸಿ, ಅದರ ಮೇಲೆ ದಪ್ಪ ತಂತಿ ಬಲೆ ಕಟ್ಟಿ, ಹಗಲಿನಂತೆ ಲೈಟು ಹಾಕಿದರೆ ಹೇಗಿರುತ್ತೆ, ಯೋಚಿಸಿ ನೋಡಿ. (ಬಂದ್ ನಮಗೇನು ಹೊಸದಲ್ಲ ಬಿಡಿ. ಫ್ಲೈಓವರ್ ಕೆಲಸದ ಕೃಪೆಯಿಂದ ಅಭ್ಯಾಸವಾಗಿದೆ.)

ಟಿವಿಯಲ್ಲಿ ಸಿಗದೇ ಇರುವುದು ಶಬ್ದ ಮತ್ತು ಆ ಗೋಡೆ. ಅಲ್ಲಿ ಓಡಿದ ಇಂಡಿಯನ್ ರೇಸಿಂಗ್ ಲೀಗ್‌ನ ವುಲ್ಫ್ ಕಾರುಗಳಲ್ಲಿ ಇರುವುದು ಬೈಕ್ ಕಂಪನಿ ಅಪ್ರಿಲಿಯಾದ ವಿ4 ಎಂಜಿನ್, ಅಂದರೆ ಬೈಕ್ ವಂಶದ್ದು. ಸುಮಾರು 220 ಅಶ್ವಶಕ್ತಿ. ಅದು ಗುಡುಗುವುದಿಲ್ಲ, ಕಿರಿಚುತ್ತದೆ. ಅಕ್ಕಪಕ್ಕ ಕಟ್ಟಡ, ಗೋಡೆ ಇರುವುದರಿಂದ ಸದ್ದಿಗೆ ಹೋಗಲು ಜಾಗವೇ ಇಲ್ಲ. ಕಾರು ಕಣ್ಣಿಗೆ ಬೀಳುವ ಮೊದಲೇ ಕೂತ ಹಲಗೆ ಸಣ್ಣಗೆ ನಡುಗುತ್ತದೆ. ಕಿವಿಗೆ ಇಯರ್‌ಪ್ಲಗ್ ಇಟ್ಟುಕೊಳ್ಳಿ, ಮಕ್ಕಳಿದ್ದರೆ ಮರೀಲೇಬೇಡಿ.

ಸೀಟು ಎಲ್ಲಿ ತಗೋಬೇಕು ಅನ್ನುವುದೇ ಮುಖ್ಯ. ನೇರ ರಸ್ತೆಯ ನಡುಮಧ್ಯೆ ಬೇಡ. ಅಲ್ಲಿ ಕಾರು ಸುಯ್ ಅಂತ ಹೋಯಿತು ಅಂದರೆ ಮುಗೀತು, ಕತ್ತು ತಿರುಗಿಸುವಷ್ಟರಲ್ಲಿ ಇರೋದೇ ಇಲ್ಲ. ನೇರ ರಸ್ತೆ ಮುಗಿದು ಜೋರು ಬ್ರೇಕ್ ಹಾಕುವ ತಿರುವಿನ ಹತ್ತಿರ, ಆದಷ್ಟು ಮೇಲಿನ ಸಾಲಿನಲ್ಲಿ ಕೂತುಕೊಳ್ಳಿ. ಗೇರು ಒಂದೊಂದಾಗಿ ಇಳಿಯುವುದು ಕೇಳುತ್ತದೆ. ಮುಂದಿನ ಚಕ್ರ ತಿರುಗದೆ ಜಾರಿದರೆ ಟೈರಿನಿಂದ ತೆಳು ಹೊಗೆ ಏಳುತ್ತದೆ. ಒಬ್ಬ ಗೋಡೆಗೆ ಗೇಣು ದೂರದಲ್ಲಿ ಹೋದರೆ ಇನ್ನೊಬ್ಬ ಧೈರ್ಯ ಸಾಲದೆ ಒಂದು ಮೊಳ ಬಿಟ್ಟು ಹೋಗುತ್ತಾನೆ. ಅದನ್ನು ನೋಡುತ್ತಾ ಕೂತರೆ ಯಾರು ಮುಂದಿದ್ದಾರೆ ಅನ್ನುವುದೇ ಮರೆತುಹೋಗುತ್ತದೆ. ಬಲೆ ಮೊದಲು ಕಿರಿಕಿರಿ ಮಾಡುತ್ತದೆ, ಆಮೇಲೆ ಕಣ್ಣು ಹೊಂದಿಕೊಳ್ಳುತ್ತದೆ. ಮೊಬೈಲ್ ಕ್ಯಾಮೆರಾ ಮಾತ್ರ ಕೊನೆತನಕ ಬಲೆಯನ್ನೇ ಫೋಕಸ್ ಮಾಡುತ್ತೆ, ಸುಮ್ನೆ ಜೇಬಿನಲ್ಲಿಡಿ. ದೊಡ್ಡ ಸ್ಕ್ರೀನ್ ಕಾಣುವ ಸೀಟಾದರೆ ಇನ್ನೂ ಒಳ್ಳೆಯದು.

ಪ್ರಾಕ್ಟೀಸ್ ತಪ್ಪಿಸಬೇಡಿ. ಅದು ಊರಿನ ರಸ್ತೆ, ಮೊದಲು ಧೂಳು ಇರುತ್ತದೆ, ಕಾರು ಜಾರುತ್ತದೆ. ಓಡುತ್ತಾ ಓಡುತ್ತಾ ಟೈರಿನ ರಬ್ಬರ್ ರಸ್ತೆಗೆ ಅಂಟಿ ಒಂದು ಕಪ್ಪು ಪಟ್ಟಿ ಮೂಡುತ್ತದೆ. ಆ ಪಟ್ಟಿಯ ಮೇಲೆ ಹಿಡಿತ ಜಾಸ್ತಿ, ಸುತ್ತಿನ ಸಮಯ ಇಳಿಯುತ್ತಾ ಬರುತ್ತದೆ.

ಕಾಯುವ ತಾಳ್ಮೆಯೂ ಬೇಕು. ಚೆನ್ನೈಯಲ್ಲಿ ಮಳೆಯಿಂದಾಗಿ ಟ್ರ್ಯಾಕ್ ತಪಾಸಣೆಯೇ ತಡವಾಗಿ ಶನಿವಾರದ ವೇಳಾಪಟ್ಟಿ ಕೆಟ್ಟಿತು. ಭಾನುವಾರ ನಾಯಿಯೊಂದು ಟ್ರ್ಯಾಕ್‌ಗೆ ನುಗ್ಗಿತು! 2011ರಲ್ಲಿ ನೋಯ್ಡಾ ಹತ್ತಿರದ ಬುದ್ಧ ಸರ್ಕ್ಯೂಟ್‌ನಲ್ಲಿ ಫಾರ್ಮುಲಾ ಒನ್ ಪ್ರಾಕ್ಟೀಸ್‌ಗೂ ನಾಯಿ ಬಂದಿತ್ತು. ನಮ್ಮ ದೇಶದ ನಾಯಿಗಳಿಗೆ ಈ ಆಟ ಅಂದ್ರೆ ಪ್ರೀತಿ ಅನ್ಸುತ್ತೆ. ಇನ್ನು ಗೋಡೆಗೆ ಒಂದು ಕಾರು ಬಡಿದರೂ ಪಕ್ಕಕ್ಕೆ ಸರಿಸಲು ಖಾಲಿ ಜಾಗ ಇರುವುದಿಲ್ಲ, ಹಾಗಾಗಿ ಎಲ್ಲರನ್ನೂ ತನ್ನ ಹಿಂದೆ ನಿಧಾನಕ್ಕೆ ಓಡಿಸುವ ಸೇಫ್ಟಿ ಕಾರ್ ಪದೇ ಪದೇ ಹೊರಬರುತ್ತದೆ. ಓವರ್‌ಟೇಕ್ ಕಡಿಮೆ. ಅದೇ ಬೇಕು ಅಂದರೆ ಚೆನ್ನೈ ಹೊರಗಿನ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ಗೆ ಹೋಗಿ. ಅದು 1990ರಿಂದ ಇರುವ ಕಾಯಂ ಟ್ರ್ಯಾಕ್.

ಇನ್ನು ಬುಕಿಂಗ್ ಮಾತು. ಹೈದರಾಬಾದಿನಲ್ಲಿ 2023ರ ಫೆಬ್ರವರಿ 11ರಂದು ಹುಸೇನ್ ಸಾಗರದ ದಂಡೆಯಲ್ಲಿ ಫಾರ್ಮುಲಾ ಇ, ಅಂದರೆ ಎಲೆಕ್ಟ್ರಿಕ್ ಕಾರುಗಳ ರೇಸ್, ನಡೆದು ಜಾನ್ ಎರಿಕ್ ವೆರ್ನ್ ಗೆದ್ದರು. ಮುಂದಿನ ವರ್ಷದ್ದು ತಿಂಗಳೊಂದು ಬಾಕಿ ಇರುವಾಗ ರದ್ದಾಯಿತು. ಸರ್ಕಾರ, ಪೊಲೀಸ್, ಕೋರ್ಟು ಎಲ್ಲರ ಒಪ್ಪಿಗೆ ಕೂಡಿಬಂದರೇನೇ ಇಂಥ ರೇಸು. ಆದ್ದರಿಂದ ರದ್ದು ಮಾಡಿದರೆ ದುಡ್ಡು ವಾಪಸ್ ಬರುವಂಥ ರೂಮನ್ನೇ ಬುಕ್ ಮಾಡಿ.

ಚೆನ್ನೈಗಾದರೆ ರಾತ್ರಿ ರಾಣಿ ಚೆನ್ನಮ್ಮ ಹಿಡಿದು ಬೆಂಗಳೂರು, ಅಲ್ಲಿಂದ ಬೇರೆ ರೈಲು. ಸೆಂಟ್ರಲ್ ಸ್ಟೇಷನ್‌ನಿಂದ ಐಲ್ಯಾಂಡ್ ಗ್ರೌಂಡ್ಸ್ ನಡೆದೇ ಹೋಗುವಷ್ಟು ಹತ್ತಿರ. ರಾತ್ರಿಯೂ ಬೆವರು ಇಳಿಯುತ್ತದೆ, ನಮ್ಮೂರಿನ ಗಾಳಿ ಅಲ್ಲಿಲ್ಲ, ಕಾಟನ್ ಬಟ್ಟೆ ಹಾಕಿಕೊಳ್ಳಿ. ರೇಸ್ ಮುಗಿಯುವುದು ತಡವಾಗಬಹುದು, ಅದೇ ರಾತ್ರಿ ವಾಪಸ್ ರೈಲಿಗೆ ಟಿಕೆಟ್ ಮಾಡಿಸಬೇಡಿ. ಸೆಂಟ್ರಲ್ ಹತ್ತಿರವೇ ರೂಮ್ ಮಾಡಿ, ಬೆಳಿಗ್ಗೆ ಹೊರಡಿ.